ಸಿಂಗಾಪುರದ ಸರ್ಕಾರಿ ಮನೆಗಳು: ಗೆದ್ದಿದ್ದು ವೇಗವೋ, ಜಮೀನು ಕಾಯ್ದೆಯೋ?

ನೆಲದಮಾತು:
1965ರಲ್ಲಿ ಸ್ವತಂತ್ರವಾದ ಸಿಂಗಾಪುರದಲ್ಲಿ ಜನ ಕಿಕ್ಕಿರಿದ ಕೋಣೆಗಳಲ್ಲಿ, ಗರಿ ಹೊದಿಸಿದ ಗುಡಿಸಲುಗಳಲ್ಲಿ ಇದ್ದರು. ಇವತ್ತು ಐದರಲ್ಲಿ ಸುಮಾರು ನಾಲ್ಕು ಪಾಲು ನಿವಾಸಿಗಳು ಸರ್ಕಾರ ಕಟ್ಟಿಸಿದ ಫ್ಲಾಟುಗಳಲ್ಲಿದ್ದಾರೆ. ಸರಳವಾಗಿ, ಬೇಗ ಕಟ್ಟಿದ್ದೇ ಇದರ ಗುಟ್ಟು ಅಂತ ನನ್ನ ಅನಿಸಿಕೆ.

ರೇಖಾ_ಕೆ:
ಕೆಲಸ ಸ್ವಾತಂತ್ರ್ಯಕ್ಕೂ ಮೊದಲೇ ಶುರುವಾಗಿತ್ತು ಸರ್. ವಸತಿ ಮಂಡಳಿ ಎಚ್‌ಡಿಬಿ ಹುಟ್ಟಿದ್ದು 1960ರಲ್ಲಿ. ಲಿಮ್ ಕಿಮ್ ಸಾನ್ ಮೊದಲ ಅಧ್ಯಕ್ಷರು. ಬ್ರಿಟಿಷರ ಕಾಲದ ಟ್ರಸ್ಟ್ 32 ವರ್ಷದಲ್ಲಿ ಕಟ್ಟಿದ್ದು ಸುಮಾರು 23,000 ಮನೆ. ಇವರು ಐದೇ ವರ್ಷದಲ್ಲಿ 50,000 ದಾಟಿಸಿದರು. 1961ರ ಮೇನಲ್ಲಿ ಬುಕಿತ್ ಹೋ ಸ್ವೀ ಎಂಬ ಗುಡಿಸಲು ಪ್ರದೇಶದ ಬೆಂಕಿಗೆ ಸುಮಾರು 16,000 ಜನ ಮನೆ ಕಳೆದುಕೊಂಡರು. ಅವರಿಗಾಗಿ ಮೊದಲ ಫ್ಲಾಟುಗಳು ವರ್ಷದೊಳಗೇ ಸಿದ್ಧವಾದವು.

ಹಳೆಹಾದಿ:
ಕಟ್ಟೋಕೆ ಜಾಗ ಎಲ್ಲಿಂದ ಬಂತು ಅನ್ನೋದನ್ನ ಇಬ್ಬರೂ ಬಿಟ್ಟೇಬಿಟ್ಟಿರಲ್ಲ! 1966ರ ಭೂಸ್ವಾಧೀನ ಕಾಯ್ದೆ ಇಲ್ಲದಿದ್ದರೆ ಇಷ್ಟು ದೊಡ್ಡ ಮಟ್ಟದಲ್ಲಿ ಕಟ್ಟೋಕೆ ಆಗುತ್ತಿರಲಿಲ್ಲ. ಮುಂದೆ ಜಮೀನಿನ ಬೆಲೆ ಏರಿದರೂ ಪರಿಹಾರವನ್ನು 1973ರ ನವೆಂಬರ್ ಬೆಲೆಗೇ ಕಟ್ಟಿಹಾಕಿದರು. ವರ್ಷಗಟ್ಟಲೆ ಅದೇ ನಡೆಯಿತು. ಕಾಂಪೊಂಗ್‌ಗಳಲ್ಲಿ, ಅಂದರೆ ಅಲ್ಲಿನ ಹಳ್ಳಿಗಳಲ್ಲಿ, ಹಂದಿ, ಕೋಳಿ ಸಾಕಿ, ತರಕಾರಿ ಬೆಳೆದು ಬದುಕುತ್ತಿದ್ದವರಿಗೆ ನಲ್ಲಿ, ಕರೆಂಟು ಇರುವ ಮನೆ ಸಿಕ್ಕಿತು. ಕಸುಬು ಹೋಯಿತು. ತಿಂಗಳು ತಿಂಗಳು ಬಾಡಿಗೆ ಕಟ್ಟುವ ಹೊರೆ ಹೊಸದಾಗಿ ಬಂತು.

ರೇಖಾ_ಕೆ:
ಕಸುಬಿನ ಮಾತು ಒಪ್ಪುತ್ತೇನೆ. ಆದರೆ ಜಮೀನಿನ ಬೆಲೆ ಏರಿದ್ದು ಸರ್ಕಾರ ಹಾಕಿಸಿದ ರಸ್ತೆ, ನೀರಿನಿಂದಲೂ ಅಲ್ವಾ? ಆ ಲಾಭವೆಲ್ಲ ಜಮೀನಿನ ಒಡೆಯರಿಗೇ ಹೋಗಬೇಕಿತ್ತಾ?

ಹಳೆಹಾದಿ:
ದೊಡ್ಡ ಒಡೆಯರ ವಿಷಯದಲ್ಲಿ ಸರಿ. ತುಂಡು ಜಾಗದವನಿಗೂ ಅದೇ ಲೆಕ್ಕ ಹಾಕಿದ್ದು ಅನ್ಯಾಯ.

ಲೆಕ್ಕಿಗ:
ಮನೆ ಕೊಳ್ಳುವವರ ಕೈಗೆ ಹಣ ಹೇಗೆ ಬಂತು ಅನ್ನೋದನ್ನೂ ನೋಡಿ. 1964ರಲ್ಲೇ ಮನೆ ಮಾರುವ ಯೋಜನೆ ಬಂದಿತ್ತು. ಮುಂಗಡ ಕಟ್ಟೋಕೆ ಜನರ ಹತ್ತಿರ ದುಡ್ಡಿರಲಿಲ್ಲ. 1968ರಿಂದ ಸಿಪಿಎಫ್, ಅಂದರೆ ಸಂಬಳದಿಂದ ಮುರಿದುಕೊಳ್ಳುವ ಭವಿಷ್ಯ ನಿಧಿಯನ್ನು ಮುಂಗಡಕ್ಕೂ ಕಂತಿಗೂ ಬಳಸಲು ಬಿಟ್ಟರು. ಆಮೇಲೆ ಕೊಳ್ಳುವವರು ಜಾಸ್ತಿಯಾದರು. ಬರೀ ಬಾಡಿಗೆ ಮನೆ ಕಟ್ಟಿದ್ದರೆ ಮಂಡಳಿಯ ಹಣ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

ನೆಲದಮಾತು:
ಆದರೆ ಕೊಂಡರೂ 99 ವರ್ಷದ ಲೀಸ್ ತಾನೇ?

ಲೆಕ್ಕಿಗ:
ಹೌದು, ನನಗೆ ಚಿಂತೆ ಇರೋದೂ ಅದೇ. ಹಳೆಯ ಫ್ಲಾಟುಗಳ ಲೀಸ್ ಅರ್ಧ ದಾಟಿದೆ. ಉಳಿತಾಯವನ್ನೆಲ್ಲ ಅದರಲ್ಲೇ ಹಾಕಿದ ವಯಸ್ಸಾದವರು ತುಂಬಾ ಇದ್ದಾರೆ. 2018ರಲ್ಲಿ ಘೋಷಿಸಿದ ವರ್ಸ್ ಯೋಜನೆಯಲ್ಲಿ, ಸುಮಾರು 70 ವರ್ಷವಾದ ಕಟ್ಟಡಗಳ ನಿವಾಸಿಗಳು ಮತ ಹಾಕಿ ಮನೆಗಳನ್ನು ಲೀಸ್ ಮುಗಿಯುವ ಮೊದಲೇ ಸರ್ಕಾರಕ್ಕೆ ಬಿಟ್ಟುಕೊಡಬಹುದು.

ಹಳೆಹಾದಿ:
ಬಿಟ್ಟುಕೊಟ್ಟವರ ಕೈಗೆ ಇನ್ನೊಂದು ಮನೆ ಕೊಳ್ಳುವಷ್ಟು ಹಣ ಬರಬೇಕು. 1973ರ ಲೆಕ್ಕ ಅವರ ಮಕ್ಕಳಿಗೂ ಬರಬಾರದು.