ಹೈದರಾಬಾದ್–ಡಲ್ಲಾಸ್: ಟಿಕೆಟ್‌ನಾಗ ಹನ್ನೆರಡೂವರೆ ತಾಸು, ಖರೆ ಎಷ್ಟು?

ರಾಯಚೂರು_ಗಂಜ್:
ನಮಸ್ಕಾರ್ರೀ. ಅಪ್ಪ-ಅವ್ವ ಜುಲೈದಾಗ ತಂಗಿ ಮನಿಗೆ ಡಲ್ಲಾಸ್‌ಗೆ ಹೊಂಟಾರ. ಹೈದರಾಬಾದ್ ವಿಮಾನ ನಿಲ್ದಾಣ ಶಂಶಾಬಾದ್‌ನಿಂದ ದುಬೈ ಮ್ಯಾಲೆ ಟಿಕೆಟ್. ಶನಿವಾರ ನಸುಕಿನ್ಯಾಗ 4:20ಕ್ಕ ಹತ್ತಿ, ಅದೇ ಶನಿವಾರ ಸಂಜಿ 4:50ಕ್ಕ ಇಳೀತಾರಂತ ಬರದದ. ನೆಟ್‌ನಾಗ ದೂರ ಸುಮಾರು 14,400 ಕಿ.ಮೀ. ತೋರಸ್ತದ. ತಾಸಿಗೆ 900ರಂಗ ಲೆಕ್ಕ ಹಾಕಿದ್ರ 16 ತಾಸು ಬರ್ತದ. ಯಾವುದು ಖರೆ? ಮನಿ ಎಷ್ಟಕ್ಕ ಬಿಡಬೇಕು?

ದೋಆಬ್:
ಎರಡೂ ಅಲ್ಲ ಸರ್, 23 ತಾಸು. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತದೆ. ಬೇಸಿಗೆ ಸಮಯದಲ್ಲಿ (ಆಗ ಅಲ್ಲಿ ಗಡಿಯಾರ ಒಂದು ತಾಸು ಮುಂದೆ ಇಡುತ್ತಾರೆ) ಡಲ್ಲಾಸ್ ನಮಗಿಂತ 10:30 ತಾಸು ಹಿಂದೆ. ಸಂಜೆ 4:50ಕ್ಕೆ ಅದನ್ನು ಕೂಡಿಸಿದರೆ ನಮ್ಮಲ್ಲಿ ಭಾನುವಾರ ನಸುಕಿನ 3:20. ದುಬೈಗೆ ಸುಮಾರು 4, ಅಲ್ಲಿ ಕಾಯೋದು 3, ಮುಂದೆ 16. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ 11:30 ಕೂಡಿಸಬೇಕು.

14,400 ಅನ್ನೋದು ನೇರ ದೂರ. ಹೈದರಾಬಾದ್ ಪೂರ್ವ ರೇಖಾಂಶ 78, ಡಲ್ಲಾಸ್ ಪಶ್ಚಿಮ 97. ಭೂಗೋಳದ ಹೆಚ್ಚುಕಡಿಮೆ ಎದುರುಬದುರು ಮಗ್ಗುಲು. ಗ್ಲೋಬ್ ಮೇಲೆ ದಾರ ಬಿಗಿದು ನೋಡಿ, ಉತ್ತರ ಧ್ರುವದ ಹತ್ತಿರವೇ ಹಾಯುತ್ತದೆ. ನಿಮ್ಮವರ ದಾರಿ ಬೇರೆ: ದುಬೈಗೆ ಸುಮಾರು 2,550, ಅಲ್ಲಿಂದ ಸುಮಾರು 12,900 ಕಿ.ಮೀ. ಅಂದರೆ ಸಾವಿರ ಕಿ.ಮೀ. ಹೆಚ್ಚು.

ಇನ್ನು 900ರ ಲೆಕ್ಕ. ಆ ವೇಗ ಮೇಲೆ ಹೋದಮೇಲಷ್ಟೇ. ಟಿಕೆಟ್‌ನ ಸಮಯದಲ್ಲಿ ರನ್‌ವೇಗೆ ಸಾಗೋದು, ಏರೋದು, ಇಳಿಯೋದು, ಮುಚ್ಚಿದ ವಾಯುಪ್ರದೇಶ ಸುತ್ತಿಕೊಂಡು ಹೋಗೋದು ಎಲ್ಲ ಸೇರಿರುತ್ತದೆ. 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಹಾಗಾಗಿ ವಾಪಸ್ ಬರುವಾಗ ದುಬೈವರೆಗೆ ಒಂದು-ಒಂದೂವರೆ ತಾಸು ಉಳಿಯುತ್ತದೆ.

ಶಕ್ತಿನಗರ_ಸೇತುವೆ:
ಮೊದಲು ತಾರೀಖು ನೋಡ್ರಿ. ಶನಿವಾರ 4:20 ಅಂದ್ರ ಶುಕ್ರವಾರ ರಾತ್ರಿನ ಮನಿ ಬಿಡಬೇಕು. ಇಲ್ಲೇ ಭಾಳ ಮಂದಿ ತಪ್ಪತಾರ, ಒಂದು ದಿನ ತಡಾ ಹೋಗಿ ನಿಲ್ತಾರ. ರಾಯಚೂರಿಂದ ಶಕ್ತಿನಗರ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮ್ಯಾಲೆ ಸುಮಾರು 190 ಕಿ.ಮೀ., ನಾಕು ತಾಸು ಹಿಡೀರಿ. ವಿಮಾನ ನಿಲ್ದಾಣ ಈ ಕಡಿನೇ ಅದ, ಹೈದರಾಬಾದ್ ಊರಾಗ ಹೋಗೂ ಗೊಡವಿಲ್ಲ. ಊಟ ಮಾಡಿ 8ಕ್ಕ ಬಿಟ್ರ 1 ಗಂಟೆ ಒಳಗ ಮುಟ್ಟತೀರಿ.

ಕೌಂಟರ್‌ನಾಗ ಬ್ಯಾಗಿಗೆ ಅಂಟಿಸೋ ಚೀಟಿ ಓದ್ರಿ. ಕೊನಿ ಊರು ಡಿಎಫ್‌ಡಬ್ಲ್ಯೂ (ಡಲ್ಲಾಸ್) ಅಂತಿರಬೇಕು. ಡಿಎಕ್ಸ್‌ಬಿ (ದುಬೈ) ಅಷ್ಟೇ ಇದ್ರ ಅಲ್ಲೇ ಹೇಳಿ ಬದಲಿಸಿಕೊಳ್ರಿ.

ರಾಯಚೂರು_ಗಂಜ್:
ದುಬೈದಾಗ 1 ತಾಸು 40 ನಿಮಿಷ ಅಷ್ಟೇ ಕಾಯೋ ಟಿಕೆಟ್ಟೂ ಅದ. ಅದಕ್ಕ ಬದಲಿಸಲೇನು?

ದೋಆಬ್:
ಬೇಡಿ. ಅಲ್ಲಿ ಮತ್ತೆ ತಪಾಸಣೆ, ಅಮೆರಿಕದ ವಿಮಾನಗಳಿಗೆ ಗೇಟ್‌ನಲ್ಲಿ ಇನ್ನೊಂದು ಪರಿಶೀಲನೆ ಇರಬಹುದು. ಹೈದರಾಬಾದ್‌ನಿಂದ ಅರ್ಧ ತಾಸು ತಡವಾದರೂ ವಯಸ್ಸಾದವರು ಓಡಬೇಕಾಗುತ್ತದೆ. ಮೂರು ತಾಸೇ ಇರಲಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ, ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳಿಸೋದು ಕಂಪನಿಯ ಹೊಣೆ. ನಡಿಗೆ ಕಷ್ಟವಿದ್ದರೆ ವೀಲ್‌ಚೇರ್ ಎರಡು ದಿನ ಮುಂಚೆಯೇ ಹೇಳಿಡಿ.

ಶಕ್ತಿನಗರ_ಸೇತುವೆ:
ಗುಳಿಗಿ ಎಲ್ಲ ಕೈಚೀಲದಾಗ, ಡಾಕ್ಟರ್ ಚೀಟಿ ಸಮೇತ. ಡಲ್ಲಾಸ್‌ನಾಗ ಇಳಿದ ಮ್ಯಾಲೆ ಪಾಸ್‌ಪೋರ್ಟ್ ಸಾಲು, ಬ್ಯಾಗು ಅಂತ ತಾಸಿನ ಮ್ಯಾಲೆ ಹೋಗ್ತದ. ತಂಗಿಗೆ 6ಕ್ಕ ಬರಾಕ ಹೇಳ್ರಿ.