ಅಮ್ಮನ ನೆನಪಿಗೆ ದಾನ: ಮನೆಯಲ್ಲಿ ಮೂವರದು ಮೂರು ದಾರಿ

ಪ್ರಶ್ನೆ: ಕಿರಿಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮ ಹೋಗಿ ಇನ್ನೇನು ವರ್ಷ ತುಂಬುತ್ತದೆ. ಅವರು ಕೂಡಿಟ್ಟ ಸ್ವಲ್ಪ ದುಡ್ಡಿದೆ. ನಾವು ಮೂವರು ಮಕ್ಕಳು. ಅದನ್ನು ಹಂಚಿಕೊಳ್ಳುವುದು ಬೇಡ, ಅವರ ಹೆಸರಲ್ಲಿ ಯಾವುದಾದರೂ ಒಳ್ಳೆ ಕೆಲಸಕ್ಕೆ ಹೋಗಲಿ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಶುರುವಾಗಿದ್ದು ಅಲ್ಲಿಂದ ಮುಂದೆ.

ಅಣ್ಣನಿಗೆ ಆಸ್ಪತ್ರೆಗೆ ಏನಾದರೂ ದೊಡ್ಡ ಸಲಕರಣೆ ಕೊಡಿಸಿ ಅದರ ಮೇಲೆ ಅಮ್ಮನ ಹೆಸರು ಹಾಕಿಸಬೇಕು. ಅಕ್ಕನಿಗೆ ದುಡ್ಡನ್ನು ಇಡುಗಂಟಾಗಿ ಇಟ್ಟು, ಬಡ್ಡಿಯಲ್ಲಿ ಪ್ರತಿವರ್ಷ ಒಬ್ಬ ಹುಡುಗಿಯ ಓದಿಗೆ ಕೊಡಬೇಕು. "ನಾವು ಸತ್ತ ಮೇಲೂ ನಡೆಯುತ್ತಾ ಇರಬೇಕು" ಅನ್ನುತ್ತಾಳೆ. ನನಗೆ ಎರಡೂ ಅಷ್ಟಾಗಿ ಹಿಡಿಸುತ್ತಿಲ್ಲ. ಯಾಕೆ ಅಂತ ಹೇಳಬೇಕಾದರೆ ಅಮ್ಮನ ಡಬ್ಬಿಯ ವಿಷಯ ಹೇಳಬೇಕು.

ಅಡುಗೆಮನೆ ಕಿಟಕಿಯಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಮುಚ್ಚಳ ಸೊಟ್ಟಗಾಗಿ, ಚಮಚದ ಹಿಡಿ ತೂರಿಸಿ ಮೀಟಿದರೆ ಮಾತ್ರ ತೆರೆಯುತ್ತಿತ್ತು. ಮನೆಯಲ್ಲಿ ಯಾರೇ ಸಿಟ್ಟಿನಿಂದ ಕೂಗಾಡಿದರೂ ಅದಕ್ಕೊಂದು ನಾಣ್ಯ ಹಾಕಬೇಕು. ಅಪ್ಪನಿಗೂ ರಿಯಾಯಿತಿ ಇರಲಿಲ್ಲ. ಅಣ್ಣನ ಪರೀಕ್ಷೆ ಹತ್ತಿರ ಬಂದರೆ ಡಬ್ಬಿ ಬೇಗ ತುಂಬುತ್ತಿತ್ತು! ತುಂಬಿದಾಗ ಅಮ್ಮ ನೆಲದ ಮೇಲೆ ಸುರಿದುಕೊಂಡು ಎಣಿಸಿ, ಅಷ್ಟೇ ದುಡ್ಡನ್ನು ತಮ್ಮ ಸಂಬಳದಿಂದಲೂ ಸೇರಿಸಿ ಒಂದು ಅಂಧ ಮಕ್ಕಳ ಶಾಲೆಗೆ ಕಟ್ಟಿ ಬರುತ್ತಿದ್ದರು. ರಸೀದಿಗಳೆಲ್ಲ ಒಂದು ತಂತಿಗೆ ಚುಚ್ಚಿದ್ದವು ಸಿಕ್ಕಿವೆ. ಒಂದರಲ್ಲೂ ಅವರ ಹೆಸರಿಲ್ಲ. ಎಲ್ಲದರಲ್ಲೂ "ಹಿತೈಷಿ" ಅಂತ ಬರೆಸಿದ್ದಾರೆ. ಹೋಗುವಾಗ ಕಣ್ಣನ್ನೂ ಕೊಟ್ಟು ಹೋದರು. ಆ ವಿಷಯ ನಮಗೆ ಗೊತ್ತಾಗಿದ್ದೇ ಅವರ ಪರ್ಸಿನಲ್ಲಿದ್ದ ಕಾರ್ಡಿನಿಂದ.

ಇಂಥವರ ಹೆಸರನ್ನು ಯಂತ್ರದ ಮೇಲೆ ಕೆತ್ತಿಸುವುದು ಸರಿಯಾ? ನನ್ನ ಮನಸ್ಸಿನಲ್ಲಿರುವುದು, ಅದೇ ಶಾಲೆಗೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುತ್ತಾ ಹೋಗುವುದು. ಅಣ್ಣ "ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಯಾವುದಕ್ಕೂ ಸಾಲಲ್ಲ" ಅನ್ನುತ್ತಾನೆ. ಗೊತ್ತಿರುವವರು ಹೇಳಿ. ಇನ್ನೊಂದು ವಿಷಯ. ನಾವು ಆನ್‌ಲೈನ್‌ನಲ್ಲಿ ಏನು ಕೊಂಡರೂ ಒಂದು ಪಾಲು ದಾನಕ್ಕೆ ಹೋಗುವ ವ್ಯವಸ್ಥೆಗಳು ಇವೆಯಲ್ಲ, ಅವು ನಂಬುವಂಥವಾ?

ಉತ್ತರ 1: ಲೆಕ್ಕದವಳು

ನಾನು ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಬಹಳ ವರ್ಷ ಲೆಕ್ಕ ಬರೆದವಳು. ಹಾಗಾಗಿ ದಾನ ಅಂದರೆ ನನಗೆ ಮೊದಲು ಕಾಣಿಸುವುದು ಲೆಡ್ಜರ್. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸಂಸ್ಥೆಗೆ ಬರುವ ದುಡ್ಡು ಎರಡು ಥರ. ಒಂದು, "ಇಂಥದ್ದಕ್ಕೇ ಬಳಸಿ" ಅಂತ ಷರತ್ತು ಹಾಕಿ ಕೊಟ್ಟಿದ್ದು. ಇನ್ನೊಂದು, "ನಿಮಗೆ ಬೇಕಾದ್ದಕ್ಕೆ ಬಳಸಿ" ಅಂತ ಕೊಟ್ಟಿದ್ದು. ಮೊದಲನೆಯದನ್ನು ಬೇರೆ ಖಾತೆಯಲ್ಲೇ ತೋರಿಸಬೇಕು, ಅದರಿಂದ ಕರೆಂಟು ಬಿಲ್ಲು ಕಟ್ಟುವ ಹಾಗಿಲ್ಲ. ದಾನಿಗಳಿಗೆ ಮೊದಲನೆಯದೇ ಇಷ್ಟ. ಸಂಸ್ಥೆ ಉಸಿರಾಡುವುದು ಎರಡನೆಯದರಿಂದ.

ನಮ್ಮ ಉಗ್ರಾಣದಲ್ಲಿ ಗಾಲಿಕುರ್ಚಿಗಳಿದ್ದವು. ಎಲ್ಲವೂ ಯಾರದೋ ನೆನಪಿಗೆ ಬಂದವು. ಬೆನ್ನಿನ ಮೇಲೆ ಹೆಸರಿನ ಪಟ್ಟಿ, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಮುಂದಿನ ಸಣ್ಣ ಚಕ್ರದ ಬೇರಿಂಗ್ ಹೋದರೆ ಹಾಕಿಸಲು ದುಡ್ಡಿಲ್ಲ. ಯಾಕಂದರೆ ಬೇರಿಂಗ್ ಮೇಲೆ ಯಾರೂ ಹೆಸರು ಬರೆಸುವುದಿಲ್ಲ. ಕೊನೆಗೆ ಒಂದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದರು. ಅಷ್ಟರಲ್ಲೇ ಮತ್ತೊಬ್ಬರು ಫೋನ್ ಮಾಡಿ, "ಅಪ್ಪನ ನೆನಪಿಗೆ ಒಂದು ಗಾಲಿಕುರ್ಚಿ ಕೊಡಬೇಕಿತ್ತು" ಅನ್ನುತ್ತಿದ್ದರು. ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ, ದಾನಿ ಬೇಜಾರಾಗಿ ಮತ್ತೆ ಈ ಕಡೆ ತಲೆ ಹಾಕದಿದ್ದರೆ? ನಿಮ್ಮಣ್ಣನಿಗೆ ಇಷ್ಟು ಹೇಳಿ: ಸಲಕರಣೆ ಕೊಡುವ ಮುಂಚೆ ಅದನ್ನು ನಡೆಸುವವರು ಯಾರು, ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ ಅಂತ ಕೇಳಲಿ. ಆಸ್ಪತ್ರೆಯವರು ತಡವರಿಸಿದರೆ ಅಲ್ಲಿಗೆ ಬಿಡಲಿ.

ನಿಮ್ಮಕ್ಕನ ಯೋಚನೆ ಕೆಟ್ಟದ್ದಲ್ಲ, ಆದರೆ ಅದಕ್ಕೆ ದೊಡ್ಡ ಗಂಟು ಬೇಕು. ಇಡುಗಂಟಿನಿಂದ ವರ್ಷಕ್ಕೆ ನೂರಕ್ಕೆ ನಾಲ್ಕೋ ಐದೋ ತೆಗೆಯಬಹುದು. ಅದಕ್ಕಿಂತ ಜಾಸ್ತಿ ತೆಗೆದರೆ ಬೆಲೆ ಏರಿಕೆ ಅಸಲನ್ನೇ ತಿನ್ನುತ್ತದೆ. ಆಲ್ಫ್ರೆಡ್ ನೊಬೆಲ್ 1895ರಲ್ಲಿ ಉಯಿಲು ಬರೆದು ಇಟ್ಟ ಗಂಟಿಗಿಂತ ದೊಡ್ಡದು ನಿಮ್ಮ ಹತ್ತಿರ ಇರಲಿಕ್ಕಿಲ್ಲ. ಆ ನಿಧಿಯವರೇ 2012ರಲ್ಲಿ ಬಹುಮಾನವನ್ನು 1 ಕೋಟಿ ಕ್ರೋನರ್‌ನಿಂದ 80 ಲಕ್ಷಕ್ಕೆ ಇಳಿಸಬೇಕಾಯಿತು, ಗಂಟು ಕರಗಬಾರದು ಅಂತ. ಸಣ್ಣ ಗಂಟಿನ ವಿದ್ಯಾರ್ಥಿವೇತನ ನಿಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಒಂದು ದಿನ ಆ ಹುಡುಗಿಗೆ ನೋಟ್‌ಬುಕ್ಕಿಗೂ ಸಾಲದಷ್ಟಾಗುತ್ತದೆ. ಅದರ ಬದಲು ಇರುವ ದುಡ್ಡಲ್ಲಿ ಒಬ್ಬಳನ್ನು ಓದು ಮುಗಿಯುವವರೆಗೂ ನೋಡಿಕೊಳ್ಳಿ. ಅಸಲೂ ಖರ್ಚಾಗಲಿ.

ಇನ್ನು ನಿಮ್ಮ ತಿಂಗಳ ಲೆಕ್ಕ. ಅದು ಹುಣಸೆಹಣ್ಣು ಕಿವುಚಿದ ಹಾಗೆ ಖಂಡಿತ ಅಲ್ಲ. ವರ್ಷದ ಮೊದಲಲ್ಲೇ "ಇಷ್ಟು ಬಂದೇ ಬರುತ್ತದೆ" ಅಂತ ಗೊತ್ತಿದ್ದರೆ ಒಬ್ಬ ಟೀಚರನ್ನು ವರ್ಷದ ಕರಾರಿನ ಮೇಲೆ ತೆಗೆದುಕೊಳ್ಳಬಹುದು. ಡಿಸೆಂಬರಿನಲ್ಲಿ ಒಮ್ಮೆಗೇ ಬಂದ ದೊಡ್ಡ ಮೊತ್ತದಿಂದ ಜೂನ್ ತಿಂಗಳ ಸಂಬಳ ಕೊಡಲು ಆಗುವುದಿಲ್ಲ. ಬ್ಯಾಂಕಿನಿಂದ ನೇರವಾಗಿ ಹೋಗುವ ಹಾಗೆ ಮಾಡಿ. ಕಾರ್ಡಿಗೆ ಜೋಡಿಸಿದರೆ ಕಾರ್ಡಿನ ಅವಧಿ ಮುಗಿದ ತಿಂಗಳು ದಾನ ಸದ್ದಿಲ್ಲದೆ ನಿಂತುಹೋಗುತ್ತದೆ. ದಾನಿ ಕೊಡುತ್ತಿದ್ದೇನೆ ಅಂದುಕೊಂಡಿರುತ್ತಾರೆ, ಸಂಸ್ಥೆಯವರು ಇವರಿಗೆ ಬೇಡವಾಯಿತೇನೋ ಅಂದುಕೊಂಡಿರುತ್ತಾರೆ. ಇಬ್ಬರಿಗೂ ಕೇಳಲು ಸಂಕೋಚ.

ಕೊಂಡಾಗ ಪಾಲು ಹೋಗುವ ವ್ಯವಸ್ಥೆ ಬಗ್ಗೆ: ಸುಳ್ಳೇನಲ್ಲ, ಆದರೆ ಪುಡಿಗಾಸು. ಅಮೆಜಾನ್‌ನವರು 2013ರಲ್ಲಿ ಸ್ಮೈಲ್ ಅಂತ ಶುರು ಮಾಡಿದ್ದರು. ಕೊಂಡ ಮೊತ್ತದ ನೂರಕ್ಕೆ ಅರ್ಧ ಪಾಲು ನಾವು ಆರಿಸಿದ ಸಂಸ್ಥೆಗೆ. 2023ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಇನ್ನೂರು ಕೊಂಡರೆ ಒಂದು ಹೋಗುತ್ತಿತ್ತು ಅಷ್ಟೆ. ಇದ್ದರೆ ಬಳಸಿ, ಅದನ್ನೇ ದಾನ ಅಂದುಕೊಂಡು ಸಮಾಧಾನ ಮಾಡಿಕೊಳ್ಳಬೇಡಿ. ನಿಮ್ಮ ಅಮ್ಮನ ಡಬ್ಬಿ ಎಷ್ಟೋ ಮೇಲು, ಅದರಲ್ಲಿ ಸಿಟ್ಟಾದರೂ ಕಡಿಮೆಯಾಗುತ್ತಿತ್ತು.

ಉತ್ತರ 2: ಹಳೇ ಮೇಷ್ಟ್ರು

ಲೆಕ್ಕದವಳು ಅವರ ಮಾತಿಗೆ ಅರ್ಧ ಒಪ್ಪಿಗೆ. ಹೆಸರು ಹಾಕಿಸುವುದನ್ನು ಅವರು ಸ್ವಲ್ಪ ಹಗುರವಾಗಿ ತೆಗೆದುಕೊಂಡರು ಅನ್ನಿಸಿತು. ಹೆಸರು ಸತ್ತವರಿಗೆ ಬೇಕಿಲ್ಲ ಮಗಳೇ, ಉಳಿದವರಿಗೆ ಬೇಕು. ನಿಮ್ಮಣ್ಣನ ಮೇಲೆ ಸಿಟ್ಟಾಗಬೇಡಿ.

ಅಮೆರಿಕದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ದಂಪತಿಯ ಒಬ್ಬನೇ ಮಗ 1884ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡ. ಆಗ ಅವನಿಗೆ 15 ವರ್ಷ. ಅವನ ನೆನಪಿಗೆ ಅವರು ಕಟ್ಟಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1891ರಲ್ಲಿ ಶುರುವಾಯಿತು. ಎಲ್ಲರೂ ಅದನ್ನು ಅಪ್ಪನ ಹೆಸರು ಅಂದುಕೊಂಡಿದ್ದಾರೆ. ಪೂರ್ತಿ ಹೆಸರಿನಲ್ಲಿ ಈಗಲೂ "ಜೂನಿಯರ್" ಅಂತ ಇದೆ, ಅದು ಆ ಹುಡುಗನ ಹೆಸರು. ದೊಡ್ಡವರ ಮಾತು ಬಿಡಿ ಅನ್ನುತ್ತೀರೇನೋ. ಆದರೆ ಇನ್ನೊಂದನ್ನು ಕೇಳಿ. ಮೆಹರ್‌ಬಾಯಿ ಟಾಟಾ 1931ರಲ್ಲಿ ಲ್ಯುಕೀಮಿಯಾದಿಂದ, ಅಂದರೆ ರಕ್ತದ ಕ್ಯಾನ್ಸರಿನಿಂದ ಹೋದರು. ಮರುವರ್ಷವೇ ಗಂಡ ದೊರಾಬ್ಜಿ ಟಾಟಾ ಆಕೆಯ ನೆನಪಿಗೆ ಟ್ರಸ್ಟ್ ಮಾಡಿದರು, ಲ್ಯುಕೀಮಿಯಾ ಸಂಶೋಧನೆಗೆ. ಹೆಂಡತಿಯನ್ನು ಕೊಂಡೊಯ್ದ ಕಾಯಿಲೆಯ ಮೇಲೇ ದುಡ್ಡು ಹಾಕಿದರು. ಹೆಸರೂ ಉಳಿಯಿತು, ಕೆಲಸವೂ ನಡೆಯಿತು. ಎರಡೂ ಜೊತೆಗೆ ಆಗುವುದಿಲ್ಲ ಅಂತ ಯಾಕೆ?

ನಾನು ಮಾಡಿರುವುದು ಬಹಳ ಚಿಕ್ಕದು. ನನ್ನ ಹೆಂಡತಿಗೆ ಶಾಲೆಯಲ್ಲಿ ಒಂದು ಬಹುಮಾನವೂ ಬಂದಿರಲಿಲ್ಲ, ಅದನ್ನು ಕೊನೆವರೆಗೂ ಹೇಳಿಕೊಂಡು ನಗುತ್ತಿದ್ದಳು. ನಾನು ಕೆಲಸ ಮಾಡಿದ ಶಾಲೆಯಲ್ಲಿ ಅವಳ ಹೆಸರಲ್ಲಿ ಒಂದು ಪುಸ್ತಕದ ಬಹುಮಾನ ಇಟ್ಟಿದ್ದೇನೆ. ಮೊದಲ ಸ್ಥಾನ ಬಂದವರಿಗಲ್ಲ, ಅವರಿಗೆ ಹೇಗೂ ಕೊಡುವವರಿದ್ದಾರೆ. ಹಿಂದಿನ ವರ್ಷಕ್ಕಿಂತ ಜಾಸ್ತಿ ಸುಧಾರಿಸಿದ ಮಗುವಿಗೆ. ಇಡುಗಂಟು ಗಿಡುಗಂಟು ಇಲ್ಲ, ಪ್ರತಿವರ್ಷ ನಾನೇ ಪುಸ್ತಕ ಆರಿಸಿ ಕೊಂಡುಹೋಗುತ್ತೇನೆ. ಮೈಕಿನಲ್ಲಿ ಅವಳ ಹೆಸರು ಓದುತ್ತಾರೆ. ಬಹುಮಟ್ಟಿಗೆ ತಪ್ಪಾಗೇ ಓದುತ್ತಾರೆ. ಆದರೂ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಉತ್ತರ 3: ಓ ನೆಗೆಟಿವ್

ದುಡ್ಡಿಲ್ಲದವರ ಕಡೆಯಿಂದ ಒಂದು ಮಾತು. ಅಪ್ಪನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಮತ್ತೆ ಮತ್ತೆ ಪ್ಲೇಟ್‌ಲೆಟ್ ಬೇಕಾಗುತ್ತಿತ್ತು. ಯಾರ್ಯಾರೋ ಕೊಟ್ಟರು, ಮುಖ ಕೂಡ ನೋಡಿಲ್ಲ. ಹಾಗಾಗಿ ಅಪ್ಪನ ಲೆಕ್ಕದಲ್ಲಿ ನಾನು ರಕ್ತ ಕೊಡುತ್ತೇನೆ.

ಶುರುವಿನಲ್ಲಿ ಅವರ ಹುಟ್ಟಿದ ದಿನಕ್ಕೇ ಹೋಗುತ್ತಿದ್ದೆ. ಅಲ್ಲಿನ ನರ್ಸ್ ಒಬ್ಬರು ನಿಧಾನಕ್ಕೆ ತಿಳಿಸಿ ಹೇಳಿದರು. ಕೆಂಪು ರಕ್ತಕಣಗಳನ್ನು ತಂಪಿನಲ್ಲಿ ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್ 5ರಿಂದ 7 ದಿನ ಅಷ್ಟೆ. ಅದನ್ನು ಸಾಮಾನ್ಯವಾಗಿ ಫ್ರಿಜ್‌ನಲ್ಲೂ ಇಡುವುದಿಲ್ಲ. ಕೋಣೆಯ ತಾಪದಲ್ಲಿ, ಯಂತ್ರದ ತಟ್ಟೆ ಆ ಕಡೆ ಈ ಕಡೆ ಅಲ್ಲಾಡುತ್ತಲೇ ಇರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೋರಿಸಿದರು ಕೂಡ. ತೆಳು ಹಳದಿ ಚೀಲಗಳು, ತೊಟ್ಟಿಲಲ್ಲಿ ಮಲಗಿಸಿದ ಹಾಗೆ. "ನಿಮ್ಮ ತಂದೆಯ ದಿನಕ್ಕಲ್ಲ, ನಾವು ಕರೆದ ದಿನಕ್ಕೆ ಬನ್ನಿ, ರಜಾ ದಿನಗಳಲ್ಲಿ ಯಾರೂ ಸಿಗಲ್ಲ" ಅಂದರು. ಈಗ ಅವರು ಕರೆದಾಗ ಹೋಗುತ್ತೇನೆ.

ನಿಮ್ಮ ತಾಯಿ ಕಣ್ಣು ಕೊಟ್ಟ ವಿಷಯ ಓದಿ ಖುಷಿಯಾಯಿತು. ಕಾರ್ನಿಯಾ ಕಸಿ 1905ರಲ್ಲೇ ಮೊದಲ ಸಲ ಯಶಸ್ವಿಯಾಗಿತ್ತು. ಆದರೂ ನಮ್ಮ ಮನೆಯಲ್ಲಿ ಇನ್ನೂ ಅದು ಹೊಸದೇನೋ ಅನ್ನೋ ಥರ ಆಡುತ್ತಾರೆ. ನೀವು ಮೂವರೂ ಅಂಥದ್ದೊಂದು ಕಾರ್ಡ್ ಮಾಡಿಸಿ, ಆದರೆ ಮನೆಯವರಿಗೆ ಮೊದಲೇ ಹೇಳಿಡಿ. ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು, ಪರ್ಸ್ ಹುಡುಕುತ್ತಾ ಕೂರುವಷ್ಟು ಸಮಯ ಇರುವುದಿಲ್ಲ.

ಕಿರಿಮಗಳು

ಎಲ್ಲರಿಗೂ ಧನ್ಯವಾದ. ಗಾಲಿಕುರ್ಚಿ ವಿಷಯವನ್ನು ಅಣ್ಣನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದರೆ ಆ ಶಾಲೆಯವರು ದುಡ್ಡನ್ನು ಸಂಬಳ, ಬಾಡಿಗೆಗೇ ಮುಗಿಸಲ್ಲ ಅಂತ ಏನು ಗ್ಯಾರಂಟಿ?" ಅಂದ. ಅಮ್ಮನ ಸೀರೆ, ಕನ್ನಡಕ, ಹೊಲಿಗೆ ಯಂತ್ರ ಎಲ್ಲ ಹಾಗೇ ಇವೆ. ಅವನ್ನೂ ಅಲ್ಲಿಗೇ ಕೊಡಬಹುದಾ?

ಲೆಕ್ಕದವಳು

ಸಂಬಳಕ್ಕೆ ಹೋಗುತ್ತದೆ, ಹೋಗಲೇಬೇಕು. ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಕಲಿಸುವವರ ಸಂಬಳವೇ ಸೇವೆ, ಇನ್ನೇನು? "ಆಡಳಿತ ಖರ್ಚು ಎಷ್ಟು ಕಡಿಮೆಯೋ ಸಂಸ್ಥೆ ಅಷ್ಟು ಒಳ್ಳೆಯದು" ಅನ್ನುವ ನಂಬಿಕೆಯಿಂದ ನನ್ನಂಥವರು ಎಷ್ಟು ಪಾಡು ಪಟ್ಟಿದ್ದೇವೆ ಅಂತ ಹೇಳಿದರೆ ಮುಗಿಯುವುದಿಲ್ಲ. 2013ರಲ್ಲಿ ಸಂಸ್ಥೆಗಳನ್ನು ಅಳೆದು ತೂಗುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ ಅಮೆರಿಕದ ದಾನಿಗಳಿಗೆ ಬಹಿರಂಗ ಪತ್ರ ಬರೆದವು, ಬರೀ ಆ ಒಂದು ಅಂಕಿ ನೋಡಿ ತೀರ್ಮಾನ ಮಾಡಬೇಡಿ ಅಂತ. ಅಳೆಯುವವರೇ ಹೇಳಿದ್ದು ಇದು.

ನೋಡಬೇಕಾದ್ದು ಬೇರೆ. ನೋಂದಣಿ ಇದೆಯಾ, ವರ್ಷ ವರ್ಷ ಆಡಿಟ್ ಆದ ಲೆಕ್ಕ ಕೇಳಿದರೆ ಕೊಡುತ್ತಾರಾ, ಹೋದ ವರ್ಷ ಏನು ಮಾಡಿದಿರಿ ಅಂದರೆ ನೆಟ್ಟಗೆ ಹೇಳುತ್ತಾರಾ. ಒಂದು ಸಲ ಹೋಗಿ ಬನ್ನಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ನಾನಾಗಿದ್ದರೆ "ಕಳೆದ ವರ್ಷ ಯಾವುದು ಕೈಕೊಟ್ಟಿತು?" ಅಂತ ಕೇಳುತ್ತೇನೆ. "ಏನೂ ಇಲ್ಲ, ಎಲ್ಲ ಚೆನ್ನಾಗಿದೆ" ಅಂದರೆ ನನಗೆ ಅನುಮಾನ ಶುರು.

ಸಾಮಾನುಗಳನ್ನು ಕೇಳದೆ ಒಯ್ಯಬೇಡಿ. ಬಟ್ಟೆ ವಿಂಗಡಿಸಲು ಜನ ಬೇಕು, ಇಡಲು ಜಾಗ ಬೇಕು, ಆಗದ್ದನ್ನು ಎಸೆಯಲೂ ಖರ್ಚು. ಹೊಲಿಗೆ ಯಂತ್ರ ನಡೆಯುತ್ತಿದ್ದರೆ ಎಣ್ಣೆ ಬಿಟ್ಟು, ಹೊಲಿಗೆ ಕಲಿಸುವ ಕಡೆ ಕೊಡಿ, ಖಂಡಿತ ಬೇಕಾಗುತ್ತದೆ. ಕನ್ನಡಕ ಸಂಗ್ರಹಿಸುವ ಲಯನ್ಸ್ ಕ್ಲಬ್‌ಗಳಿವೆ, ಅಲ್ಲಿ ಕೇಳಿ. ಸೀರೆಗಳಲ್ಲಿ ನಿಮಗೆ ಬೇಕಾದ್ದನ್ನು ಮೊದಲು ಎತ್ತಿಟ್ಟುಕೊಳ್ಳಿ. ದಾನದ ಹುರುಪಿನಲ್ಲಿ ಎಲ್ಲ ಕೊಟ್ಟು, ಆಮೇಲೆ ಆ ಒಂದು ಸೀರೆ ವಾಪಸ್ ಸಿಗುತ್ತಾ ಅಂತ ನಮ್ಮ ಬಾಗಿಲಿಗೆ ಬಂದವರನ್ನು ನೋಡಿದ್ದೇನೆ.

ಮೇಷ್ಟ್ರೇ, ನಿಮ್ಮ ಪುಸ್ತಕದ ಬಹುಮಾನಕ್ಕೆ ನನ್ನ ಯಾವ ಆಕ್ಷೇಪವೂ ಇಲ್ಲ. ಅದಕ್ಕೆ ಬೇರಿಂಗ್ ಇಲ್ಲ.

ಕಿರಿಮಗಳು

ಹ್ಹಹ್ಹ. ನಿನ್ನೆ ರಾತ್ರಿ ಮೂವರೂ ಫೋನಿನಲ್ಲಿ ಕೂತೆವು. ಒಪ್ಪಂದ ಹೀಗಾಗಿದೆ: ಅಮ್ಮನ ದುಡ್ಡಲ್ಲಿ ಅದೇ ಶಾಲೆಯ ಒಬ್ಬ ಹುಡುಗಿಯ ಓದು ಮುಗಿಯುವವರೆಗಿನ ಖರ್ಚು. ಅದು ಅಕ್ಕನ ಆಸೆಯಂತೆ. ನಾವು ಮೂವರೂ ನಮ್ಮ ಸಂಬಳದಿಂದ ತಿಂಗಳು ತಿಂಗಳು ಶಾಲೆಗೆ, ಯಾವ ಷರತ್ತೂ ಇಲ್ಲದೆ. ಅಣ್ಣನಿಗೆ ಹೆಸರು ಬೇಕೇ ಬೇಕು ಅನ್ನುವುದು ಹೋಗಿಲ್ಲ. ಶಾಲೆಯ ವಾರ್ಷಿಕ ವರದಿಯಲ್ಲಿ ಒಂದು ಸಾಲು ಹಾಕಿದರೆ ಸಾಕು ಅನ್ನುವಲ್ಲಿಗೆ ಇಳಿದಿದ್ದಾನೆ. ಮುಂದಿನ ವಾರ ಹೋಗಿ ಮಾತಾಡುತ್ತೇವೆ. ಕೊನೆಯದಾಗಿ ಒಂದು ಕೇಳಬೇಕಿತ್ತು, ರಸೀದಿ ಅಮ್ಮನ ಹೆಸರಲ್ಲೇ ಬರೆಸಬಹುದಾ?

ಲೆಕ್ಕದವಳು

ಬೇಡ. ದುಡ್ಡು ಯಾರ ಖಾತೆಯಿಂದ ಹೋಗುತ್ತದೋ ರಸೀದಿ ಅವರ ಹೆಸರಲ್ಲಿ. ಇಲ್ಲದಿದ್ದರೆ ತೆರಿಗೆ ಲೆಕ್ಕದಲ್ಲಿ ನಿಮಗೂ ತಲೆನೋವು, ಶಾಲೆಯ ಆಡಿಟರಿಗೂ ತಲೆನೋವು. ಕೆಳಗೆ "ಇವರ ನೆನಪಿಗೆ" ಅಂತ ಒಂದು ಸಾಲು ಸೇರಿಸಲು ಹೇಳಿ, ಅಲ್ಲಿ ಅಮ್ಮನ ಹೆಸರು ಬರಲಿ. ಮೂವರೂ ಒಂದೇ ಕಾಗುಣಿತ ಕೊಡಿ, ಬೇರೆ ಬೇರೆ ಬರೆದರೆ ನನ್ನಂಥ ಯಾರೋ ಒಬ್ಬರು ಇವರು ಮೂರು ಜನ ಅಂತ ಮೂರು ಖಾತೆ ತೆರೆಯುತ್ತಾರೆ.