ಟ್ಯೂನಿಂಗ್ ಎಂಬುದಕ್ಕೆ ‘ಹದ’ ಸಲ್ಲುತ್ತದೆಯೇ? ಕಾಲು ಮೈಲಿ ಓಟದ ಕಾರಿನ ಕೆಲವು ಪದಗಳು

ಪದಚರ್ಚೆಯ ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ.

ಕಳೆದ ತಿಂಗಳು ಒಂದು ಗ್ಯಾರೇಜಿನ ಕೈಪಿಡಿಗೆ ನಾನು ಬರೆದುಕೊಟ್ಟ ಒಂದು ಸಾಲಿನಿಂದ ಒಬ್ಬ ಹುಡುಗನ ಅರ್ಧ ದಿನದ ದುಡಿಮೆ ವ್ಯರ್ಥವಾಯಿತು. ಸಾಲು ಇಷ್ಟೇ: ‘ಓಟಕ್ಕೆ ಮೊದಲು ಹಿಂಬದಿಯ ಒತ್ತಡ ಇಳಿಸಬೇಕು.’ ನಾನು ಹೇಳಹೊರಟದ್ದು ಹಿಂದಿನ ಎರಡು ಟೈರುಗಳ ಗಾಳಿಯ ವಿಚಾರ. ಹುಡುಗ ಓದಿಕೊಂಡದ್ದು ಹೊಗೆಕೊಳವೆಯಲ್ಲಿ ಹಿಂದಕ್ಕೆ ತಳ್ಳುವ ಒತ್ತಡದ ವಿಚಾರ. ಅವನು ಬೆಳಿಗ್ಗೆಯೆಲ್ಲ ಕಾರಿನಡಿ ಮಲಗಿ ಸೈಲೆನ್ಸರ್ ಬಿಚ್ಚಿಟ್ಟ. ಅವನ ಓದಿನಲ್ಲಿ ತಪ್ಪಿಲ್ಲ. ಎರಡು ಅರ್ಥಗಳಿಗೂ ಆ ಮಾತು ಸರಿಯಾಗಿ ಹೊಂದುತ್ತದೆ, ಎರಡೂ ಕಾರಿನ ಹಿಂಬದಿಯಲ್ಲೇ ಇವೆ. ‘ಹಿಂದಿನ ಟೈರಿನ ಗಾಳಿ ಇಳಿಸಬೇಕು’ ಎಂದು ಗ್ಯಾರೇಜಿನಲ್ಲಿ ಎಲ್ಲರೂ ಹೇಳುವಂತೆ ಬರೆದಿದ್ದರೆ ಸಾಕಿತ್ತು. ‘ಗಾಳಿ’ ಎಂಬ ಮಾತು ಕೈಪಿಡಿಗೆ ಸಾಲದು ಎಂದು ‘ಒತ್ತಡ’ಕ್ಕೆ ಕೈಹಾಕಿದ್ದೇ ತಪ್ಪಾಯಿತು. ಅಂದಿನಿಂದ ಈ ಪದಗಳನ್ನು ಒಂದೊಂದಾಗಿ ತೂಗಿ ನೋಡುತ್ತಿದ್ದೇನೆ. ನಿಮ್ಮ ನೆರವು ಬೇಕು.

ಹಿನ್ನೆಲೆ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗ ಊರಾಚೆ ಗ್ಯಾರೇಜು ನಡೆಸುತ್ತಾನೆ. ತೋಟದ ಜೀಪುಗಳ ದುರಸ್ತಿಯೇ ಅವನ ಹೊಟ್ಟೆಪಾಡು. ಶೆಡ್ಡಿನ ಮೂಲೆಯಲ್ಲಿ ಮಾತ್ರ ಎರಡು ಬಾಗಿಲಿನ, ಇಂಜಿನ್ನಿಗೆ ಒತ್ತಿ ಗಾಳಿ ತುಂಬುವ ಟರ್ಬೊ ಇರುವ, ಹಿಂದಿನ ಚಕ್ರಗಳಿಂದ ಓಡುವ ಒಂದು ಸ್ಪೋರ್ಟ್ಸ್ ಕಾರು ನಿಂತಿದೆ. ಅದನ್ನು ಡ್ರ್ಯಾಗ್ ಓಟಕ್ಕೆ, ಅಂದರೆ ಕಾಲು ಮೈಲಿಯ ನೇರ ಓಟಕ್ಕೆ, ಸಿದ್ಧ ಮಾಡುತ್ತಿದ್ದಾನೆ. ಸಾರ್ವಜನಿಕ ರಸ್ತೆಯಲ್ಲಿ ಅಲ್ಲ, ಓಟಕ್ಕೆಂದೇ ಮುಚ್ಚಿದ ನೇರ ದಾರಿಯಲ್ಲಿ, ಗಡಿಯಾರದ ಎದುರು. ಕೈಕೆಳಗೆ ಮೂವರು ಹುಡುಗರಿದ್ದಾರೆ. ಒಬ್ಬನ ಮನೆಮಾತು ಅರೆಭಾಷೆ, ಒಬ್ಬನದು ಕೊಡವ ತಕ್ಕ್, ಇನ್ನೊಬ್ಬನದು ಮಲಯಾಳ. ಮೂವರೂ ಓದಿದ್ದು ಕನ್ನಡ ಶಾಲೆಯಲ್ಲಿ. ‘ಮಾವ, ಇವರಿಗೆ ಇಂಗ್ಲಿಷ್ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತಾರೆ. ನೀವೇ ಕನ್ನಡದಲ್ಲಿ ಬರೆದುಕೊಡಿ’ ಎಂದ. ಕೃಷಿ ಕರಪತ್ರಗಳ ಕರಡು ತಿದ್ದುವುದು ನನ್ನ ಕೆಲಸ. ಗೊಬ್ಬರದ ಬಗ್ಗೆ ಬರೆಯಬಲ್ಲವನು ಗೇರ್‌ಬಾಕ್ಸಿನ ಬಗ್ಗೆಯೂ ಬರೆದೇನು ಎಂದು ಒಪ್ಪಿಕೊಂಡೆ.

ಮೊದಲ ಪುಟದ ಮೊದಲ ಪದದಲ್ಲೇ ನಿಂತುಬಿಟ್ಟೆ. ಟ್ಯೂನಿಂಗ್, ಅಂದರೆ ಇಂಜಿನ್ನಿನ ಗಾಳಿ, ಪೆಟ್ರೋಲು, ಕಿಡಿಗಳ ಲೆಕ್ಕವನ್ನು ಕೆಲಸಕ್ಕೆ ತಕ್ಕಂತೆ ಕೂಡಿಸುವುದು. ‘ಶ್ರುತಿಗೊಳಿಸುವುದು’ ಎಂದು ಅಚ್ಚಿನಲ್ಲಿ ಕಂಡಿದ್ದೇನೆ, ನಾನೂ ಹಾಗೆಯೇ ಬರೆದೆ. ಅರೆಭಾಷೆಯ ಹುಡುಗ ಓದಿ, ‘ಇದು ಸೈಲೆನ್ಸರ್ ಸದ್ದಿನ ಪಾಠವೇ?’ ಎಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದು. ಶ್ರುತಿ ಎಂದರೆ ಕಿವಿಗೆ ಸೇರಿದ್ದು. ತಂಬೂರಿಯ ಮುಂದೆ ಕುಳಿತವನಿಗೆ ಒಂದು ಷಡ್ಜ ಇದೆ, ಅದಕ್ಕೆ ಕೂಡಿಸಿದರೆ ಮುಗಿಯಿತು. ಇಂಜಿನ್ನಿಗೆ ಅಂಥ ಒಂದೇ ನೆಲೆ ಇಲ್ಲ. ‘ಸರಿಪಡಿಸು’ ಎಂದರೆ ಕೆಟ್ಟದ್ದನ್ನು ರಿಪೇರಿ ಮಾಡಿದಂತೆ. ‘ಹೊಂದಾಣಿಕೆ’ ಎಂದರೆ ಇಬ್ಬರು ತುಸು ತುಸು ಬಿಟ್ಟುಕೊಟ್ಟಂತೆ. ‘ಪಳಗಿಸು’ ಎಂಬುದು ದುಬಾರೆಯ ಆನೆಗೆ ಚೆಂದ, ಹೊಸ ಇಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸುವುದಕ್ಕೂ ಬೇಕಾದರೆ ಸಲ್ಲುತ್ತದೆ, ಆದರೆ ಟ್ಯೂನಿಂಗ್ ಅದಲ್ಲ.

ಆ ಕೆಲಸವನ್ನು ಎರಡು ವಾರ ಪಕ್ಕದಲ್ಲಿ ನಿಂತು ನೋಡಿದೆ. ಟರ್ಬೊ ಹೆಚ್ಚು ಗಾಳಿ ತುಂಬಿದರೆ ಬಲ ಹೆಚ್ಚುತ್ತದೆ, ಜೊತೆಗೆ ಬಿಸಿಯೂ ಹೆಚ್ಚುತ್ತದೆ. ಬಿಸಿ ಮಿತಿಮೀರಿದರೆ ಪೆಟ್ರೋಲು ಹೊತ್ತಿಗೆ ಮುಂಚೆ ತಾನಾಗಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ಅದನ್ನು ತಡೆಯಲು ಕಿಡಿ ಹಾರುವ ಗಳಿಗೆಯನ್ನು ತುಸು ತಡವಾಗಿಸಬೇಕು, ತೀರ ತಡವಾಗಿಸಿದರೆ ಗಳಿಸಿದ ಬಲ ಹೋಗುತ್ತದೆ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಆದರೆ ಟರ್ಬೊ ಇಂಜಿನ್ ಪೂರ್ಣ ಬಲದಲ್ಲಿರುವಾಗ ಗಾಳಿಯ ಪಾಲನ್ನು 12ರ ಆಸುಪಾಸಿಗೆ ಇಳಿಸುತ್ತಾರೆ, ಹೆಚ್ಚುವರಿ ಪೆಟ್ರೋಲು ಒಳಗನ್ನು ತಂಪಾಗಿಡಲಿ ಎಂದು. ಒಂದನ್ನು ಮುಟ್ಟಿದರೆ ಉಳಿದ ಮೂರೂ ಅಲುಗುತ್ತವೆ. ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕುಳಿತು ಒಂದು ಅಂಕಿ ಬದಲಿಸುವುದು, ಕೇಳುವುದು, ನೋಡುವುದು, ಮತ್ತೆ ಅರ್ಧದಷ್ಟು ಹಿಂದಕ್ಕೆ ತರುವುದು ಮಾಡುತ್ತಿದ್ದ. ಬೆಲ್ಲದ ಪಾಕ ನೋಡುವಾಗ ನನ್ನ ಅಕ್ಕ ಸೌಟು ಎತ್ತಿ, ಎರಡು ಬೆರಳ ನಡುವೆ ಎಳೆ ಹಿಡಿದು, ಉರಿ ತಗ್ಗಿಸುವುದು ನೆನಪಾಯಿತು. ಅಲ್ಲೇ ಪದ ಸಿಕ್ಕಿತು: ಹದ.

ಹದ ಎಂದರೆ ಹೆಚ್ಚು ಎಂದಲ್ಲ, ಕಡಿಮೆ ಎಂದೂ ಅಲ್ಲ. ಆ ವಸ್ತುವಿಗೆ, ಆ ಕೆಲಸಕ್ಕೆ, ಆ ಹೊತ್ತಿಗೆ ತಕ್ಕ ಸ್ಥಿತಿ. ಹೊಲಕ್ಕೆ ಹದವಾದ ಮಳೆ ಎಂದರೆ ಸುರಿದ ಪ್ರಮಾಣವೊಂದೇ ಅಲ್ಲ, ಸುರಿದ ಕಾಲವೂ ಸೇರಿತು. ಮಾರ್ಚಿನಲ್ಲಿ ಕಾಫಿಗೆ ಹೂಮಳೆ ಒಂದು ಇಂಚು ಬಿದ್ದರೆ ಹಬ್ಬ, ಅದೇ ಒಂದು ಇಂಚು ಕಣದಲ್ಲಿ ಕಾಫಿ ಹರಡಿದಾಗ ಬಿದ್ದರೆ ಕಣ್ಣೀರು. ಇಂಜಿನ್ನಿನ ವಿಚಾರವೂ ಹೀಗೆಯೇ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಇಂಜಿನ್ ಸಾವಿರ ಅಡಿಗೆ ನೂರರಲ್ಲಿ ಮೂರು ಪಾಲಿನಷ್ಟು ಬಲ ಕಳೆದುಕೊಳ್ಳುತ್ತದೆ, ಅಂದರೆ ಇಲ್ಲಿ ಹತ್ತಕ್ಕಿಂತ ಹೆಚ್ಚು ಪಾಲು ಹೋಗುತ್ತದೆ. ಟರ್ಬೊ ಇದ್ದರೆ ಅದು ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಅದಕ್ಕೆ ತಕ್ಕಂತೆ ತಾನೂ ಬಿಸಿಯಾಗುತ್ತದೆ. ಕಾರು ಓಟದ ಟ್ರ್ಯಾಕ್ ಇರುವ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೆ ಇಳಿದರೆ ಗಾಳಿ ದಟ್ಟ, ಆದರೆ ಸೆಕೆ ಆ ದಟ್ಟಣೆಯಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ. ಇಲ್ಲಿಯ ಹದ ಅಲ್ಲಿ ಹದವಲ್ಲ. ಶ್ರುತಿ ಎಂಬ ಪದ ಈ ಮಾತನ್ನು ಹೇಳುವುದಿಲ್ಲ, ಹದ ತಾನಾಗಿ ಹೇಳುತ್ತದೆ.

ಇನ್ನೊಂದು ಅನುಕೂಲ ಬರೆಯುತ್ತಾ ಹೋದಂತೆ ಕಂಡಿತು. ‘ಹದ ತಪ್ಪಿದೆ’ ಎಂದರೆ ಇಂಜಿನ್ ಗಟ್ಟಿಯಾಗಿದೆ, ಲೆಕ್ಕ ಮಾತ್ರ ತಪ್ಪಿದೆ. ‘ಹದಗೆಟ್ಟಿದೆ’ ಎಂದರೆ ಇಂಜಿನ್ನೇ ಹಾಳಾಗುತ್ತಿದೆ. ಈ ಎರಡರ ಅಂತರ ಹುಡುಗರಿಗೆ ವಿವರಿಸಬೇಕಾಗಲಿಲ್ಲ. ಟ್ಯೂನಿಂಗಿನ ಹಂತಗಳನ್ನು ‘ಮೊದಲ ಹದ, ಎರಡನೆಯ ಹದ’ ಎಂದು ಬರೆದೆ. ಒಂದೆಳೆ ಪಾಕ, ಎರಡೆಳೆ ಪಾಕ ಎನ್ನುವ ಭಾಷೆಯಲ್ಲಿ ಅದು ಹೊಸದೆನಿಸುವುದಿಲ್ಲ. ಮಲಯಾಳದ ಹುಡುಗ, ‘ನಮ್ಮಲ್ಲಿ ಇದಕ್ಕೆ ಪದಂ ಎನ್ನುತ್ತಾರೆ’ ಎಂದ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಅವನ ಮನೆಯಲ್ಲಿ ಹಾಗೆಯೇ ಉಳಿದಿದೆ. ಕೊಡವ ತಕ್ಕಿನಲ್ಲೂ ಹಾಲು ‘ಪಾಲ್’ ಆಗಿಯೇ, ಹತ್ತು ‘ಪತ್ತ್’ ಆಗಿಯೇ ಇದೆ. ಹಾಗಾದರೆ ಹದವೂ ‘ಪದ’ ಎಂಬ ರೂಪದಲ್ಲಿ, ಅದೇ ಅರ್ಥದಲ್ಲಿ ಅಲ್ಲಿ ಬಳಕೆಯಲ್ಲಿದೆಯೇ? ತಕ್ಕ್ ಬಲ್ಲ ಹಿರಿಯರು ದಯವಿಟ್ಟು ತಿಳಿಸಬೇಕು. ಮೂವರು ಹುಡುಗರಿಗೂ ಒಂದೇ ಬೇರಿನ ಪದ ಸಿಕ್ಕಿದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

‘ಮಾರ್ಪಾಡು’ ಎಂಬುದನ್ನು ಬಿಡಿಭಾಗ ಬದಲಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ದೊಡ್ಡ ಟರ್ಬೊ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ದಪ್ಪ ಇಂಟರ್‌ಕೂಲರ್, ಹಗುರ ಸೀಟು ಇವೆಲ್ಲ ಮಾರ್ಪಾಡು. ಅವುಗಳನ್ನು ಒಂದಕ್ಕೊಂದು ಒಗ್ಗಿಸುವುದು ಹದ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎನ್ನುವಾಗ ಹೇಳುವುದೂ ಮಾರ್ಪಾಡನ್ನೇ. ಹಾಗಾಗಿ ಈ ಕಾರು ಲಾರಿಯ ಮೇಲೇರಿಯೇ ಓಟಕ್ಕೆ ಹೋಗುತ್ತದೆ. ಇಂಜಿನ್ನಿನ ಕಂಪ್ಯೂಟರಿನೊಳಗಿನ ‘ಮ್ಯಾಪ್’ ಅನ್ನು ‘ನಕ್ಷೆ’ ಎಂದವರಿದ್ದಾರೆ. ಅದು ಇಂಜಿನ್ ಎಷ್ಟು ವೇಗದಲ್ಲಿ ತಿರುಗುವಾಗ, ಯಾವ ಹೊರೆಗೆ ಎಷ್ಟು ಪೆಟ್ರೋಲು ಎಂದು ಹೇಳುವ ಅಂಕಿಗಳ ಸಾಲು. ‘ಕೋಷ್ಟಕ’ ಎಂದರೆ ಮಗ್ಗಿ ಕಲಿತ ಯಾರಿಗೂ ತಿಳಿಯುತ್ತದೆ.

ಈಗ ನನ್ನನ್ನು ನಿಜವಾಗಿ ಕಾಡುತ್ತಿರುವ ಪದ: ಡ್ರ್ಯಾಗ್. ಅದನ್ನು ‘ಎಳೆತ’ ಮಾಡಿದರೆ ಕೈಪಿಡಿಯೇ ತಲೆಕೆಳಗಾಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ‘ಗಾಡಿ ಚೆನ್ನಾಗಿ ಎಳೆಯುತ್ತದೆ’ ಎಂಬುದು ಹೊಗಳಿಕೆ. ಸಂಪಾಜೆ ಘಾಟಿಯಲ್ಲಿ ಹೊರೆ ಹೊತ್ತ ಜೀಪು ಗೇರು ಇಳಿಸದೆ ಏರಿದರೆ ಅದಕ್ಕೆ ಎಳೆತ ಇದೆ ಎನ್ನುತ್ತೇವೆ. ಅಂದರೆ ಚಕ್ರ ತಿರುಗಿಸುವ ಬಲವಾದ ಟಾರ್ಕ್ ಎಂಬುದಕ್ಕೆ ಜನರೇ ಒಂದು ಒಳ್ಳೆಯ ಪದ ಕೊಟ್ಟಿದ್ದಾರೆ. ಆದರೆ ಓಡುವ ಕಾರನ್ನು ಎದುರು ಗಾಳಿ ಹಿಂದಕ್ಕೆ ಹಿಡಿಯುವುದೂ ಇಂಗ್ಲಿಷಿನಲ್ಲಿ ಡ್ರ್ಯಾಗ್, ಅದಕ್ಕೂ ‘ಎಳೆತ’ ಎಂದು ಬರೆಯುವವರಿದ್ದಾರೆ. ಒಂದೇ ಪುಟದಲ್ಲಿ ‘ಎಳೆತ ಹೆಚ್ಚಬೇಕು’, ‘ಎಳೆತ ತಗ್ಗಬೇಕು’ ಎರಡೂ ಬಂದರೆ ಓದುವವನ ಗತಿ ಏನು? ನನ್ನ ತೀರ್ಮಾನ ಹೀಗಿದೆ: ಎಳೆತ ಜನರಿಗೇ ಇರಲಿ, ಇಂಜಿನ್ನಿನ ಬಲಕ್ಕೇ ಸಲ್ಲಲಿ. ಎದುರು ಗಾಳಿಯದು ‘ಗಾಳಿತಡೆ’ ಆಗಲಿ. ಓಟದ ಹೆಸರಿಗೆ ‘ಕಾಲು ಮೈಲಿ ಓಟ’ ಸಾಕು.

ಕಾಲು ಮೈಲಿ ಎಂದರೆ 1,320 ಅಡಿ, ಸುಮಾರು 402 ಮೀಟರ್. ಹಳಬರಿಗೆ ಅದು ಸರಿಯಾಗಿ ಎರಡು ಫರ್ಲಾಂಗು. ಮಳೆಯನ್ನು ಇಂದಿಗೂ ಇಂಚು ಮತ್ತು ಅದರ ನೂರನೆಯ ಪಾಲಾದ ಸೆಂಟುಗಳಲ್ಲಿ ಬರೆದಿಡುವ ತೋಟದವರಿಗೆ ಈ ಅಳತೆ ಪರಕೀಯವಲ್ಲ. ಓಟದ ಭವಿಷ್ಯ ನಿರ್ಧಾರವಾಗುವುದು ಮೊದಲ ಅರವತ್ತು ಅಡಿಯಲ್ಲಿ. ಅಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲು ಉಳಿಸಿದರೆ ಕೊನೆಯಲ್ಲಿ ಒಂದೂವರೆ ಪಾಲು ಉಳಿಯುತ್ತದೆ ಎಂಬುದು ಓಡಿಸುವವರ ಲೆಕ್ಕ. ಆರು ಅಡಿಗೆ ಒಂದು ಮಾರು ಎಂದರೆ ಅದು ಹತ್ತು ಮಾರು. ಕೈಪಿಡಿಯಲ್ಲಿ ‘ಹತ್ತು ಮಾರಿನ ಸಮಯ’ ಎಂದೇ ಬರೆದೆ. ಹುಡುಗರು ಕೈ ಚಾಚಿ ಶೆಡ್ಡಿನ ಅಂಗಳದಲ್ಲಿ ಅಳೆದು ನೋಡಿದರು.

ಆ ಹತ್ತು ಮಾರಿನಲ್ಲಿ ಟೈರು ಸುತ್ತಿದಲ್ಲೇ ಸುತ್ತಬಾರದು. ಅದಕ್ಕೇ ಓಟದ ಟೈರಿನ ಗಾಳಿಯನ್ನು 20 ಪಿಎಸ್‌ಐ (ಚದರ ಇಂಚಿಗೆ 20 ಪೌಂಡು) ಸುಮಾರಿಗೆ ಇಳಿಸುವುದು. ರಬ್ಬರು ಅಗಲವಾಗಿ ಒರಗುತ್ತದೆ. ಇದಕ್ಕೆ ‘ಟೈರು ನೆಲ ಕಚ್ಚುತ್ತದೆ’ ಎಂದು ಮೊದಲು ಬರೆದಿದ್ದೆ. ಕನ್ನಡದಲ್ಲಿ ನೆಲಕಚ್ಚಿದ ಬೆಳೆ, ನೆಲಕಚ್ಚಿದ ವ್ಯಾಪಾರ ಎಂದರೆ ಸೋತದ್ದು. ಅಳಿಸಿ ‘ಹಿಡಿತ’ ಎಂದು ಮಾಡಿದೆ.

ಓಡುವ ದಾರಿಗೆ ಮತ್ತು ಹೊರಡುವ ಕ್ರಿಯೆಗೆ ಪದ ಹುಡುಕುವಾಗ ಘಟ್ಟದ ಕೆಳಗೆ ನೋಡಬೇಕಾಯಿತು. ಪುತ್ತೂರಿನ ಕೋಟಿ–ಚೆನ್ನಯ ಜೋಡುಕರೆ ಕಂಬಳ ನಮ್ಮಿಂದ ದೂರವಲ್ಲ. ಅಲ್ಲಿ ಓಟದ ಗದ್ದೆಗೆ ‘ಕರೆ’ ಎನ್ನುತ್ತಾರೆ, ಎರಡು ಕರೆಗಳಲ್ಲಿ ಏಕಕಾಲಕ್ಕೆ ಎರಡು ಜೋಡಿ ಕೋಣಗಳು ಓಡುತ್ತವೆ. ಹೊರಡುವ ತುದಿ ಗಂತು, ಮುಟ್ಟುವ ತುದಿ ಮಂಜೊಟ್ಟಿ. ಸಮಯವನ್ನು ಸೆಕೆಂಡಿನ ನೂರನೆಯ ಪಾಲಿನವರೆಗೆ ಅಳೆಯುತ್ತಾರೆ. 2020ರಲ್ಲಿ ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಎರಡು ಕಾರುಗಳು ಅಕ್ಕಪಕ್ಕದ ನೇರ ದಾರಿಯಲ್ಲಿ ಗಡಿಯಾರದ ವಿರುದ್ಧ ಓಡುವ ಆಟಕ್ಕೆ ಇದಕ್ಕಿಂತ ಹತ್ತಿರದ ನುಡಿಗಟ್ಟು ನಮ್ಮ ನಾಡಿನಲ್ಲಿ ಎಲ್ಲಿದೆ? ಡ್ರ್ಯಾಗ್ ಸ್ಟ್ರಿಪ್ ಎಂಬುದಕ್ಕೆ ‘ಜೋಡುಕರೆ’ ಎಂದು ಬರೆಯಬೇಕೆಂಬ ಆಸೆ ನನಗೆ ಬಲವಾಗಿದೆ. ಕರಾವಳಿಯ ಗೆಳೆಯರಿಗೆ ಇದು ಒಗ್ಗದ ಮಾತಾಗಿ ಕಂಡರೆ ನೇರವಾಗಿ ಹೇಳಿ. ಕಂಬಳದ ಹಿಂದೆ ದೈವದ ನಂಬಿಕೆಯೂ ಇರುವುದರಿಂದ ನಿಮ್ಮ ಒಪ್ಪಿಗೆಯಿಲ್ಲದೆ ಆ ಪದವನ್ನು ಎತ್ತಿಕೊಳ್ಳಲು ನನಗೆ ಮನಸ್ಸಿಲ್ಲ.

ಕಾರು ಗೆರೆಯಿಂದ ಹೊರಡುವ ‘ಲಾಂಚ್’ ಎಂಬುದಕ್ಕೆ ಪತ್ರಿಕೆಗಳ ‘ಉಡಾವಣೆ’ ರಾಕೆಟ್ಟಿನದು. ಗಂತಿನಲ್ಲಿ ಕೋಣ ‘ಬಿಡುತ್ತಾರೆ’, ನಮ್ಮಲ್ಲಿ ಕ್ಲಚ್ಚನ್ನೂ ‘ಬಿಡುತ್ತಾರೆ’. ಕ್ರಿಯಾಪದ ಸಿದ್ಧವಾಗಿದೆ, ನಾಮಪದ ಮಾತ್ರ ಒದಗುತ್ತಿಲ್ಲ. ‘ಬಿಡುವು’ ಎಂದರೆ ವಿಶ್ರಾಂತಿ, ‘ಬಿಡುಗಡೆ’ ಎಂದರೆ ಸಿನಿಮಾ ಅಥವಾ ಸೆರೆಮನೆ. ‘ಬಿಡುವಿಕೆ’ ಬಾಯಿಗೆ ಭಾರ.

ಕೊನೆಯದು ಸಮಯಕ್ಕೆ ಸಂಬಂಧಿಸಿದ್ದು. ಹಸಿರು ದೀಪ ಹೊತ್ತಿದ ಮೇಲೆ ಚಾಲಕ ಕದಲಲು ತೆಗೆದುಕೊಳ್ಳುವ ಸಮಯ ಒಂದು. ಮುಂಚಕ್ರ ಹೊರಡುವ ತುದಿಯ ಬೆಳಕಿನ ಗೆರೆ ಬಿಟ್ಟಾಗಿನಿಂದ ಕೊನೆ ಮುಟ್ಟುವವರೆಗಿನ ಸಮಯ ಇನ್ನೊಂದು. ಅದರ ಗಡಿಯಾರ ಕಾರು ಕದಲಿದಾಗಲೇ ಶುರುವಾಗುತ್ತದೆ. ಆದ್ದರಿಂದ ಕಡಿಮೆ ಸಮಯದಲ್ಲಿ ಓಡಿದ ಕಾರೂ ಸೋಲಬಹುದು, ಅದರ ಚಾಲಕ ದೀಪ ನೋಡಿ ತಡವಾಗಿ ಹೊರಟಿದ್ದರೆ. ಕೊನೆಯ 66 ಅಡಿಯಲ್ಲಿ ಅಳೆಯುವ ವೇಗ ಮೂರನೆಯ ಲೆಕ್ಕ. ವರದಿಗಳು ಮೂರನ್ನೂ ‘ವೇಗ’ ಎಂಬ ಒಂದೇ ಚೀಲಕ್ಕೆ ತುಂಬುವುದನ್ನು ಕಂಡು ನನಗೆ ನಿಜವಾಗಿ ನೋವಾಗುತ್ತದೆ. ಎರಡನೆಯದಕ್ಕೆ ‘ಓಟದ ಸಮಯ’, ಮೂರನೆಯದಕ್ಕೆ ‘ತುದಿವೇಗ’ ಎಂದು ಬರೆದುಕೊಂಡಿದ್ದೇನೆ. ಮೊದಲನೆಯದಕ್ಕೆ ‘ಪ್ರತಿಕ್ರಿಯಾ ಸಮಯ’ ಎಂಬ ಪಠ್ಯಪುಸ್ತಕದ ಮಾತು ಬಿಟ್ಟರೆ ಬೇರೆ ಹೊಳೆದಿಲ್ಲ. ‘ಎಚ್ಚರದ ಸಮಯ’ ನಡೆದೀತೇ?

ಹದ ಬಲ್ಲವನಿಗೂ ಒಂದು ಹೆಸರು ಬೇಕು. ‘ಹದಗಾರ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ‘ಬಳೆಗಾರ’, ‘ಹಾಡುಗಾರ’ರ ಸಾಲಿನಲ್ಲಿ ಅದು ಕೂರುತ್ತದೆಯೇ, ಅಥವಾ ಚರ್ಮ ಹದ ಮಾಡುವವರ ನೆನಪಾಗಿ ಓದುಗ ಬೇರೆಡೆಗೆ ಹೋಗುತ್ತಾನೆಯೇ? ಕೈಪಿಡಿಯನ್ನು ಕೊಡಗಿನ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದೊಳಗೆ ಮುಗಿಸಿಕೊಡುವೆನೆಂದು ಅಕ್ಕನ ಮಗನಿಗೆ ಮಾತು ಕೊಟ್ಟಿದ್ದೇನೆ. ಆ ದಿನ ಗ್ಯಾರೇಜಿನ ಸ್ಪ್ಯಾನರುಗಳ ಜೊತೆ ಅದನ್ನೂ ಪೂಜೆಗೆ ಇಡುತ್ತಾನಂತೆ.